ಟೆಂಟಿನ ಗೂಟ: ಎಲ್ಲಿ ಗ್ರಾಂ ಉಳಿಸಬಹುದು, ಎಲ್ಲಿ ಬಾರದು

ಹೊಸ ಟೆಂಟಿನ ಜೊತೆ ಚೀಲದಲ್ಲಿ ಬರುವ ಗೂಟಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಮ್ಮೆ ಇಟ್ಟು ನೋಡಿ. ಕಡಿಮೆ ಬೆಲೆಯ ಟೆಂಟಾದರೆ ಅವು ಬಹುಪಾಲು 4 ಮಿ.ಮೀ. ದಪ್ಪದ ಸ್ಟೀಲ್ ತಂತಿಯನ್ನು ತುದಿಯಲ್ಲಿ ಕೊಕ್ಕೆಯಂತೆ ಬಗ್ಗಿಸಿದವು. ಕೊಕ್ಕೆಯೂ ಸೇರಿ ತಂತಿಯ ಉದ್ದ 21 ಸೆಂ.ಮೀ. ಇದ್ದರೆ ಒಂದಕ್ಕೆ ಸುಮಾರು 20 ಗ್ರಾಂ, ಹತ್ತಕ್ಕೆ 200. ಬೆನ್ನಿನ ಭಾರ ಇಳಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. ಹತ್ತೂ ಗೂಟಗಳನ್ನು ಬಿಸಾಕಿ 6 ಗ್ರಾಂನ ತೆಳು ಟೈಟಾನಿಯಂ ಕೊಕ್ಕೆಗಳನ್ನು ತಂದರೆ 140 ಗ್ರಾಂ ಉಳಿಯಿತು ಎಂದು ಲೆಕ್ಕ ಹೇಳುತ್ತದೆ. ಮಳೆಯಲ್ಲಿ ನೆನೆದ ಹುಲ್ಲುಗಾವಲಿನಲ್ಲಿ ರಾತ್ರಿ ಎರಡು ಗಂಟೆಗೆ ಗಾಳಿ ಎದ್ದಾಗ ಆ ಲೆಕ್ಕ ತಪ್ಪುತ್ತದೆ. ಹತ್ತರಲ್ಲಿ ನಾಲ್ಕು ಗೂಟಕ್ಕೆ ಮಾತ್ರ ಆ ಉಳಿತಾಯ ಸಲ್ಲುತ್ತದೆ, ಉಳಿದ ಆರಕ್ಕೆ ಸಲ್ಲದು.

ಗೂಟ ಹಿಡಿದು ನಿಲ್ಲುವುದು ಲೋಹದ ಬಲದಿಂದ ಅಲ್ಲ, ಮಣ್ಣಿನ ಬಲದಿಂದ. ಹಗ್ಗ ಎಳೆದಾಗ ಗೂಟ ತನ್ನ ಮುಂದಿನ ಮಣ್ಣನ್ನು ತಳ್ಳುತ್ತದೆ, ಆ ಮಣ್ಣು ತಿರುಗಿ ತಡೆಯುತ್ತದೆ. ಮೇಲ್ಪದರದ ಮಣ್ಣು ಸಡಿಲ, ಆಳ ಹೋದಂತೆ ಬಿಗಿ. ಹಾಗಾಗಿ 15 ಸೆಂ.ಮೀ. ಗೂಟದ ಬದಲು 20 ಸೆಂ.ಮೀ. ಗೂಟ ಹಾಕಿದರೆ ಉದ್ದ ಹೆಚ್ಚಿದ್ದು ಮೂರನೇ ಒಂದು ಭಾಗವಾದರೂ ಹಿಡಿತ ಅದಕ್ಕಿಂತ ಜಾಸ್ತಿಯೇ ಏರುತ್ತದೆ. ಇನ್ನೊಂದು, ಅಗಲ. ಮಣ್ಣಿಗೆ ಎದುರಾಗಿ ನಿಲ್ಲುವ ಮುಖ ಅಗಲವಾದಷ್ಟೂ ಹಿಡಿತ ಹೆಚ್ಚು. ತಂತಿ ಗೂಟ ಸೋಲುವುದು ಈ ಎರಡನೆಯ ಲೆಕ್ಕದಲ್ಲಿ: 3 ಮಿ.ಮೀ. ತಂತಿ ಮೆದು ಮಣ್ಣನ್ನು ಬೆಣ್ಣೆಯಂತೆ ಸೀಳಿಕೊಂಡು ಬರುತ್ತದೆ.

ದನ ಕಟ್ಟುವ ಗೂಟಕ್ಕೆ ಹಗ್ಗವನ್ನು ನೆಲಕ್ಕೆ ತಾಗಿದಂತೆ ಸುತ್ತುವುದನ್ನು ನೋಡಿದ್ದೀರಲ್ಲ, ಟೆಂಟಿಗೂ ಅದೇ ನಿಯಮ. ಗೂಟದ ತಲೆ ನೆಲದಿಂದ ನಾಲ್ಕು ಬೆರಳು ಮೇಲೆ ಉಳಿದು ಹಗ್ಗ ಅಲ್ಲೇ ಸಿಕ್ಕಿಕೊಂಡಿದ್ದರೆ ಗೂಟ ಸನ್ನೆಗೋಲಾಗಿ ತನ್ನನ್ನು ತಾನೇ ಕಿತ್ತುಕೊಳ್ಳುತ್ತದೆ. ಕಲ್ಲು ಅಡ್ಡ ಬಂದು ಪೂರ್ತಿ ಇಳಿಯದಿದ್ದರೆ ತಲೆಯ ಕಚ್ಚನ್ನು ಮರೆತು ಹಗ್ಗವನ್ನು ನೆಲಮಟ್ಟದಲ್ಲಿ ಬಿಗಿಯಾಗಿ ಸುತ್ತಿಬಿಡಿ.

ಇನ್ನು ಲೋಹದ ವಿಷಯ. ಟೈಟಾನಿಯಂ ಅಲ್ಯೂಮಿನಿಯಂಗಿಂತ ಹಗುರ ಎಂಬ ನಂಬಿಕೆ ಟ್ರೆಕ್ಕಿಂಗ್ ಮಂದಿಯಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ತಪ್ಪು. ಒಂದು ಘನ ಸೆಂ.ಮೀ. ಅಲ್ಯೂಮಿನಿಯಂ ಮಿಶ್ರಲೋಹ 2.8 ಗ್ರಾಂ ಆಸುಪಾಸು, ಟೈಟಾನಿಯಂ ಸುಮಾರು 4.5, ಸ್ಟೀಲು 7.8. ಟೈಟಾನಿಯಂ ಕೊಕ್ಕೆ 6 ಗ್ರಾಂ ತೂಗುವುದು ಲೋಹ ಹಗುರವೆಂದಲ್ಲ, ಅದನ್ನು 3 ಮಿ.ಮೀ.ಗೆ ತೆಳ್ಳಗೆ ಮಾಡಿದ್ದಾರೆ ಎಂದು. ಅಷ್ಟು ತೆಳ್ಳಗೆ ಮಾಡಿದರೂ ಕಲ್ಲಿಗೆ ತಾಗಿದಾಗ ಸ್ಪ್ರಿಂಗಿನಂತೆ ಬಳುಕಿ ದಾರಿ ಹುಡುಕುತ್ತದೆ, ತುಕ್ಕು ಹಿಡಿಯುವುದಿಲ್ಲ. ಇದು ಅದರ ನಿಜವಾದ ಗುಣ. ಆದರೆ ತಂತಿಯ ದಪ್ಪ 4ರಿಂದ 3 ಮಿ.ಮೀ.ಗೆ ಇಳಿದರೆ, ಲೋಹ ಅದೇ ಆದರೂ, ಬಾಗದೆ ತಡೆಯುವ ಬಲ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ ಎಂಬುದೂ ನೆನಪಿರಲಿ.

ಅಲ್ಯೂಮಿನಿಯಂ ಕೊಳ್ಳುವಾಗ 7075 ಎಂಬ ಅಂಕಿ ನೋಡಿ. ಇದು ಸತು ಬೆರೆತ ಗಟ್ಟಿ ಮಿಶ್ರಲೋಹ. 6061 ಅದಕ್ಕಿಂತ ಮೆದು, ಇನ್ನು ಯಾವ ಅಂಕಿಯೂ ಇಲ್ಲದೆ ಬರೀ ಅಲ್ಯೂಮಿನಿಯಂ ಎಂದು ಬರೆದು ಮಾರುವ ಬಣ್ಣದ ಗೂಟಗಳು ಎರಡನೇ ಕಲ್ಲಿಗೇ ತುದಿ ಮಡಚಿಕೊಳ್ಳುತ್ತವೆ. ಒಮ್ಮೆ ಬಾಗಿದ 7075 ಗೂಟವನ್ನು ಬಡಿದು ನೆಟ್ಟಗೆ ಮಾಡಿ ಮತ್ತೆ ನಂಬಬೇಡಿ. ಬಾಗಿದ ಜಾಗದಲ್ಲಿ ಸಣ್ಣ ಬಿರುಕು ಬಿಟ್ಟಿರುತ್ತದೆ, ಮುಂದಿನ ಪೆಟ್ಟಿಗೆ ಅಲ್ಲೇ ಮುರಿಯುತ್ತದೆ. ಈ ಒಂದು ವಿಷಯದಲ್ಲಿ ಹಳೇ ಸ್ಟೀಲ್ ತಂತಿಯೇ ವಾಸಿ, ಕಲ್ಲಿನ ಮೇಲಿಟ್ಟು ಬಡಿದರೆ ಸರಿಯಾಗುತ್ತದೆ.

ಆಕಾರಗಳಲ್ಲಿ ನಮ್ಮ ಮೊದಲ ಆಯ್ಕೆ ಮೂರು ರೆಕ್ಕೆಯ ವೈ ಗೂಟ. ಎಂಎಸ್‌ಆರ್ ಕಂಪನಿಯ ಗ್ರೌಂಡ್‌ಹಾಗ್ ಇದರ ಹೆಸರಾಂತ ಮಾದರಿ: 19 ಸೆಂ.ಮೀ. ಉದ್ದ, 13–14 ಗ್ರಾಂ. ಅದರ ಮಿನಿ 15 ಸೆಂ.ಮೀ., ಸುಮಾರು 10 ಗ್ರಾಂ. ಇದೇ ಅಚ್ಚಿನ ಹೆಸರಿಲ್ಲದ ಗೂಟಗಳು 18 ಸೆಂ.ಮೀ. ಉದ್ದದಲ್ಲಿ ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತವೆ. ಕೊಳ್ಳುವಾಗ ಮೂರು ಕಡೆ ಬೆರಳಾಡಿಸಿ ನೋಡಿ. ಹಗ್ಗ ಕೂರುವ ಕಚ್ಚಿನ ಅಂಚು ಚೂಪಾಗಿದ್ದರೆ 2 ಮಿ.ಮೀ. ದಾರವನ್ನು ಒಂದೇ ರಾತ್ರಿಯಲ್ಲಿ ತೇಯ್ದು ಹಾಕುತ್ತದೆ, ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಬೇಕು. ತಲೆಯ ಮೇಲ್ಭಾಗ ರೆಕ್ಕೆಗಳ ಬರೀ ಅಂಚಾಗಿದ್ದರೆ ಅಂಗೈಯಲ್ಲಿ ಒತ್ತಲಾಗದು. ತಲೆಯ ಕೆಳಗೆ ಎಳೆದಾರದ ಕುಣಿಕೆಗೆ ತೂತು ಇಲ್ಲದಿದ್ದರೆ ಗಟ್ಟಿ ನೆಲದಿಂದ ಕೀಳುವಾಗ ಪರದಾಡಬೇಕಾಗುತ್ತದೆ.

ವಿ ಆಕಾರದವು ಒಂದರೊಳಗೊಂದು ಕೂತು ಕಡಿಮೆ ಜಾಗ ಹಿಡಿಯುತ್ತವೆ, ಮೆದು ಮಣ್ಣಿಗೆ ಒಳ್ಳೆಯವು, ಗಟ್ಟಿ ನೆಲದಲ್ಲಿ ಬಡಿದರೆ ತಲೆ ಅಗಲಿಸಿಕೊಳ್ಳುತ್ತವೆ. ಕಾರ್ಬನ್ ನಳಿಗೆಯ ಗೂಟ ತೂಕದಲ್ಲಿ ಎಲ್ಲಕ್ಕಿಂತ ಆಸೆ ಹುಟ್ಟಿಸುತ್ತದೆ. ಆದರೆ ಅದರ ತಲೆಯನ್ನು ಅಂಟಿನಿಂದ ಕೂರಿಸಿರುತ್ತಾರೆ, ಕಲ್ಲಿನಿಂದ ಬಡಿಯುವ ಅಭ್ಯಾಸ ಇರುವವರು ದುಡ್ಡು ಉಳಿಸಿಕೊಳ್ಳಿ.

ಈಗ ನೆಲ. ಮಲೆನಾಡಿನ ಕಾಫಿ ತೋಟದ ಅಂಚು, ಹೋಮ್‌ಸ್ಟೇ ಹಿಂದಿನ ಹುಲ್ಲುಹಾಸು ಮುಂತಾದ ಅನುಮತಿ ಇರುವ ಜಾಗಗಳಲ್ಲಿ ಮಣ್ಣು ಮೆದು, ತೇವ ಹೆಚ್ಚು. ಇಲ್ಲಿ 18–20 ಸೆಂ.ಮೀ. ವೈ ಗೂಟಕ್ಕಿಂತ ಕಡಿಮೆ ಬೇಡ. ಮೊದಲು ತರಗೆಲೆಯನ್ನು ಕಾಲಿನಿಂದ ಸರಿಸಿ. ಐದು ಸೆಂ.ಮೀ. ತರಗೆಲೆಯೊಳಗೆ ಇಳಿದ ಗೂಟ ನೆಲದೊಳಗೆ ಇಳಿದ ಗೂಟವಲ್ಲ. ಅಲ್ಲೇ ನಾಲ್ಕು ಹೆಜ್ಜೆ ಆಚೆ ಅಂಗಳದಲ್ಲಿ ಜಂಬಿಟ್ಟಿಗೆ ನೆಲ ಇರಬಹುದು. ಬೇಸಿಗೆಯಲ್ಲಿ ಅದು ಇಟ್ಟಿಗೆಯಷ್ಟೇ ಗಟ್ಟಿ. ಅಲ್ಲಿ ವೈ ಗೂಟ ಬಡಿದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಆರು ಇಂಚಿನ ಒಂದು ಕಬ್ಬಿಣದ ಮೊಳೆ ತಂದಿಟ್ಟುಕೊಳ್ಳಿ: 5 ಮಿ.ಮೀ. ದಪ್ಪ, 15 ಸೆಂ.ಮೀ. ಉದ್ದದ್ದು ಸುಮಾರು 23 ಗ್ರಾಂ. ಮೊದಲು ಮೊಳೆ ಬಡಿದು, ಎರಡು ಕಡೆ ಅಲ್ಲಾಡಿಸಿ ಕಿತ್ತು, ಆ ತೂತಿಗೆ ಹಗುರ ಗೂಟ ಇಳಿಸಿ. ಹತ್ತು ಗೂಟಕ್ಕೂ ಒಂದೇ ಮೊಳೆ ಸಾಕು.

ಉತ್ತರ ಕರ್ನಾಟಕದ ಎರೆಮಣ್ಣು ಬೇರೆಯೇ ಜಾತಿ. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಬಿರುಕಿನ ಪಕ್ಕ ಹೊಡೆದ ಗೂಟ ಹೆಂಟೆಯ ಸಮೇತ ಎದ್ದು ಬರುತ್ತದೆ. ಬಿರುಕುಗಳ ನಡುವೆ ಅಗಲವಾದ ಹೆಂಟೆ ನೋಡಿ ಅದರ ನಟ್ಟನಡುವೆ ಹೊಡೆಯಬೇಕು. ಒಂದು ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಅಂಟಾಗುತ್ತದೆ, ಆಗ ಉದ್ದವೇ ಗತಿ.

ಕಡಲತೀರದ ಒಣ ಮರಳಿನಲ್ಲಿ ಮಾಮೂಲಿ ಉದ್ದದ ಯಾವ ಗೂಟವನ್ನೂ ನಂಬುವಂತಿಲ್ಲ. ಬಟ್ಟೆಯ ಸಣ್ಣ ಚೀಲಕ್ಕೆ ಮರಳು ತುಂಬಿ, ಕುತ್ತಿಗೆಗೆ ಹಗ್ಗ ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಹೂತು ತುಳಿಯಬೇಕು. ಗುಂಡಿಯಿಂದ ಹಗ್ಗ ಹೊರಬರುವ ಕಡೆ ಓರೆಯಾಗಿ ಸಣ್ಣ ಕಾಲುವೆ ತೋಡಿ, ಇಲ್ಲದಿದ್ದರೆ ಹಗ್ಗ ಚೀಲವನ್ನು ಮೇಲಕ್ಕೆ ಎತ್ತುತ್ತದೆ. ಹಿಮದಲ್ಲೂ ಇದೇ ವಿದ್ಯೆ. ಚಳಿಗಾಲದಲ್ಲಿ ಉತ್ತರಾಖಂಡದ 3,810 ಮೀಟರಿನ ಕೇದಾರಕಂಠ ಶಿಖರಕ್ಕೆ ಸ್ವಂತ ಟೆಂಟು ಹೊತ್ತು ಹೋಗುವವರು ಗೂಟವನ್ನು ನೆಟ್ಟಗೆ ಹೊಡೆಯದೆ, ನಡುವಿಗೆ ಹಗ್ಗ ಕಟ್ಟಿ ಅಡ್ಡ ಮಲಗಿಸಿ ಹೂತು, ಮೇಲಿನ ಹಿಮ ತುಳಿದು, ಅರ್ಧ ಗಂಟೆ ಗಟ್ಟಿಯಾಗಲು ಬಿಟ್ಟು ಆಮೇಲೆ ಬಿಗಿಯಬೇಕು. ಹಗ್ಗವನ್ನು ಗಂಟು ಹಾಕದೆ ಗೂಟವನ್ನು ಸುತ್ತಿಸಿ ಎರಡೂ ತುದಿ ಮೇಲೆ ಬಿಟ್ಟುಕೊಂಡರೆ, ಬೆಳಿಗ್ಗೆ ಗೂಟ ಹೆಪ್ಪುಗಟ್ಟಿದ್ದರೂ ಹಗ್ಗವನ್ನಾದರೂ ಎಳೆದುಕೊಂಡು ಟೆಂಟು ಬಿಚ್ಚಬಹುದು.

ಲಡಾಖಿನ ನದಿಪಾತ್ರಗಳಲ್ಲಿ ಉರುಟುಗಲ್ಲುಗಳದ್ದೇ ರಾಜ್ಯ. ಟೈಟಾನಿಯಂ ಕೊಕ್ಕೆ ಇಲ್ಲಿ ಮಾತ್ರ ಎಲ್ಲರನ್ನೂ ಸೋಲಿಸುತ್ತದೆ, ಕಲ್ಲುಗಳ ಸಂದಿಯಲ್ಲಿ ನುಸುಳುತ್ತದೆ. ಅದೂ ಆಗದಿದ್ದರೆ ಹಗ್ಗದ ಕುಣಿಕೆಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಹಾಕಿ, ಆ ಕಲ್ಲಿನ ಮುಂದೆ, ಅಂದರೆ ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ ಇನ್ನೊಂದು ದೊಡ್ಡ ಕಲ್ಲು ಇಡಿ. ಚಿಕ್ಕ ಕಲ್ಲು ಮುಂದೆ ಜಾರಲು ಹೋಗಿ ದೊಡ್ಡದಕ್ಕೆ ಒತ್ತಿಕೊಳ್ಳುತ್ತದೆ. ದೊಡ್ಡ ಕಲ್ಲಿಗೇ ನೇರ ಕಟ್ಟಿದರೆ ಚೂಪು ಅಂಚಿಗೆ ಹಗ್ಗ ತೇಯುತ್ತದೆ, ಉದ್ದ ಹೊಂದಿಸುವುದೂ ಕಷ್ಟ.

ಟೆಂಟಿನ ಎಲ್ಲಾ ಬಿಂದುಗಳ ಮೇಲೆ ಒಂದೇ ಭಾರ ಬೀಳುವುದಿಲ್ಲ ಎನ್ನುವುದೇ ಮಿಶ್ರ ಸೆಟ್ಟಿಗೆ ಆಧಾರ. ಕಂಬಿಗಳ ಮೇಲೆ ತಾನೇ ನಿಲ್ಲುವ ಇಬ್ಬರ ಗುಮ್ಮಟ ಟೆಂಟು ಎಂದುಕೊಳ್ಳಿ. ನಾಲ್ಕು ಮೂಲೆ, ಎರಡು ಬಾಗಿಲ ಮುಂದಿನ ಚಾಚು, ಟೆಂಟಿನ ಮೈಯಿಂದ ನೆಲಕ್ಕೆ ಎಳೆದು ಕಟ್ಟುವ ನಾಲ್ಕು ಗಾಳಿಹಗ್ಗ, ಒಟ್ಟು ಹತ್ತು. ಒಳಗೆ ಜನ, ಸಾಮಾನು ಸೇರಿದ ಮೇಲೆ ಮೂಲೆಗಳ ಗೂಟಕ್ಕೆ ಕೆಲಸ ಕಡಿಮೆ. ಗಾಳಿಯ ಪೂರ್ತಿ ಹೊಡೆತ ತಿನ್ನುವುದು ಗಾಳಿಹಗ್ಗದ ಗೂಟಗಳು. ಹಾಗಾಗಿ ಮೂಲೆಗೆ 6 ಗ್ರಾಂನ ನಾಲ್ಕು ಟೈಟಾನಿಯಂ ಕೊಕ್ಕೆ, ಉಳಿದದ್ದಕ್ಕೆ 14 ಗ್ರಾಂನ ಆರು ವೈ: 24 ಮತ್ತು 84, ಒಟ್ಟು 108. ಮೊಳೆಯೂ ಸೇರಿ 131 ಗ್ರಾಂ. ಜೋರು ಗಾಳಿಯಲ್ಲಿ ಟೆಂಟು ನಿಲ್ಲಿಸುವಾಗ ಮಾತ್ರ ಗಾಳಿ ಬರುವ ಕಡೆಯ ಎರಡು ಮೂಲೆಗೆ ವೈ ಗೂಟವನ್ನೇ ಮೊದಲು ಹೊಡೆದುಕೊಳ್ಳಿ, ಖಾಲಿ ಟೆಂಟು ಗಾಳಿಪಟವಿದ್ದಂತೆ. ಟ್ರೆಕ್ಕಿಂಗ್ ಕೋಲಿನ ಮೇಲೆ ನಿಲ್ಲುವ ಟೆಂಟಾದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಮೂಲೆಯೇ ಜೀವಾಳ, ಒಂದು ಕಿತ್ತರೆ ಇಡೀ ಟೆಂಟು ಮುಖದ ಮೇಲೆ. ಅಲ್ಲಿ ಎಲ್ಲಕ್ಕೂ ವೈ ಗೂಟವೇ ಇರಲಿ.

ಹೊಡೆಯುವಾಗ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಕಚ್ಚೂ ಆಚೆಗೇ ಮುಖ ಮಾಡಿರಬೇಕು. 45 ಡಿಗ್ರಿ ವಾಲಿಸಿ ಎಂದು ಎಲ್ಲರೂ ಹೇಳುವುದುಂಟು. ಹಾಗೆ ಮಾಡಿದರೆ 18 ಸೆಂ.ಮೀ. ಗೂಟದ ತುದಿ ಮುಟ್ಟುವ ಆಳ ಬರೀ 12.7 ಸೆಂ.ಮೀ. ನೆಟ್ಟನೆಯ ಗೆರೆಯಿಂದ 20 ಡಿಗ್ರಿ ಮಾತ್ರ ವಾಲಿಸಿದರೆ 16.9. ಮೆದು ಮಣ್ಣಿನಲ್ಲಿ ಈ ನಾಲ್ಕು ಸೆಂ.ಮೀ. ಬಿಟ್ಟುಕೊಡುವಂಥದ್ದಲ್ಲ. ಗೂಟ ಕಲ್ಲಿಗೆ ತಾಗಿದ ಠಣ್ ಸದ್ದು ಕೇಳಿದ ಕೂಡಲೇ ಹೊಡೆಯುವುದು ನಿಲ್ಲಿಸಿ, ಕಿತ್ತು ಮೂರು ಬೆರಳು ಆಚೆಗೆ ಪ್ರಯತ್ನಿಸಿ. ಹೆಚ್ಚಿನ ಗೂಟಗಳು ಬಾಗುವುದು ಆ ಸದ್ದಿನ ನಂತರದ ಎರಡು ಪೆಟ್ಟಿನಲ್ಲಿ.

ಗಾಳಿಹಗ್ಗವನ್ನು ಉದ್ದ ಬಿಡುವುದು ಗೂಟ ಬದಲಿಸುವುದಕ್ಕಿಂತ ಅಗ್ಗದ ಉಪಾಯ. ಟೆಂಟಿನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಕಟ್ಟಿದ ಹಗ್ಗದ ಗೂಟ ಒಂದು ಮೀಟರ್ ದೂರದಲ್ಲಿದ್ದರೆ ಎಳೆತದ ಶೇ 71ರಷ್ಟು ಬಲ ಗೂಟವನ್ನು ಮೇಲಕ್ಕೆ ಕೀಳುತ್ತದೆ. ಎರಡು ಮೀಟರ್ ದೂರ ಹೊಡೆದರೆ ಶೇ 45ಕ್ಕೆ ಇಳಿಯುತ್ತದೆ. ಆದರೂ ಗೂಟ ಅಲ್ಲಾಡಿದರೆ ಅದರ ಹಿಂದೆ ಒಂದು ಗೇಣು ದೂರದಲ್ಲಿ ಇನ್ನೊಂದು ಹೊಡೆದು ಮೊದಲನೆಯದರ ತಲೆಯನ್ನು ಅದರ ಬುಡಕ್ಕೆ ಬಿಗಿದು ಕಟ್ಟಿ. ಸಿಲ್‌ನೈಲಾನ್, ಅಂದರೆ ಸಿಲಿಕೋನ್ ಲೇಪಿಸಿದ ನೈಲಾನ್ ಟೆಂಟಿನ ಬಟ್ಟೆ ಒದ್ದೆಯಾದಾಗ ಹಿಗ್ಗಿ ಜೋಲುತ್ತದೆ. ಗೂಟ ಸಡಿಲವಾಯಿತೆಂದು ಮತ್ತೆ ಹೊಡೆಯುವ ಮುನ್ನ ಹಗ್ಗ ಬಿಗಿದು ನೋಡಿ, ತಪ್ಪು ಗೂಟದ್ದಲ್ಲದಿರಬಹುದು.

ಕೀಳುವಾಗ ಗಾಳಿಹಗ್ಗ ಹಿಡಿದು ಓರೆಯಾಗಿ ಜಗ್ಗಬೇಡಿ. ಕುಣಿಕೆಗೆ ಇನ್ನೊಂದು ಗೂಟವನ್ನು ಅಡ್ಡ ತೂರಿಸಿ ಹಿಡಿಕೆ ಮಾಡಿಕೊಂಡು, ಹೊಡೆದ ದಿಕ್ಕಿನಲ್ಲೇ ಎತ್ತಿ. ಬೂದು ಬಣ್ಣದ ಟೈಟಾನಿಯಂ ಒಣ ಹುಲ್ಲಿನಲ್ಲಿ ಬಿದ್ದರೆ ಮಾಯ, ಒಂದೊಂದಕ್ಕೂ ಕೇಸರಿ ದಾರದ ತುಂಡು ಕಟ್ಟಿರಿ. ಮಣ್ಣು ಒರೆಸಿ, ಹತ್ತು ಎಣಿಸಿ, ದಪ್ಪ ಬಟ್ಟೆಯ ಬೇರೆ ಚೀಲಕ್ಕೆ ಹಾಕಿ. ಟೆಂಟಿನ ಜೊತೆ ಸುತ್ತಿದರೆ ತುದಿಗಳು ನೆಲಹಾಸಿಗೆ ತೂತು ಹಾಕುತ್ತವೆ. ಬೆಂಗಳೂರಿನಿಂದ ಡೆಹ್ರಾಡೂನಿಗೋ ಲೇಹ್‌ಗೋ ವಿಮಾನದಲ್ಲಿ ಹೋಗುವವರು ಆ ಚೀಲವನ್ನು ಚೆಕ್-ಇನ್ ಲಗೇಜಿನಲ್ಲೇ ಇಡಿ, ಮೊಳೆ ಸಮೇತ.