ಹುಣ್ಣಿಮೆ ರಾತ್ರಿ, ಒಂಬತ್ತು ಸೈಕಲ್

ಬರುವ ಶನಿವಾರ, 2026ರ ಜನವರಿ 3, ಬನದ ಹುಣ್ಣಿಮೆ. ಅವತ್ತು ರಾತ್ರಿ ಎಂಟಕ್ಕೆ ಬೆಂಗಳೂರಿನ ಗೊರಗುಂಟೆಪಾಳ್ಯದಿಂದ ನಾವು ಒಂಬತ್ತು ಜನ ಸೈಕಲ್ ಹತ್ತುತ್ತೇವೆ. ಭಾನುವಾರ ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಚಿತ್ರದುರ್ಗದ ಕೋಟೆ ಬಾಗಿಲಲ್ಲಿ ಇರಬೇಕು. ಸುಮಾರು 200 ಕಿಲೋಮೀಟರ್. ಈ ವಾರವೆಲ್ಲ ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ.

ನನ್ನದು ವಿಜಯನಗರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಸಂಕ್ರಾಂತಿಗೆ ಕೊಡಬೇಕಾದ ಬಟ್ಟೆ ರಾಶಿ ಬಿದ್ದಿದೆ. ಅದರ ನಡುವೆಯೇ ಈ ತಯಾರಿ. ಮಿಷಿನ್ ಪಕ್ಕದ ಗೋಡೆಗೆ ಎರಡು ಚೀಟಿ ಅಂಟಿಸಿಕೊಂಡಿದ್ದೇನೆ. ಒಂದರಲ್ಲಿ ಗಿರಾಕಿಗಳ ಅಳತೆ, ಇನ್ನೊಂದರಲ್ಲಿ ಊರುಗಳ ಹೆಸರು, ಸಮಯ.

ಮೊದಲು ಮೈಸೂರು ಅಂದುಕೊಂಡಿದ್ದೆವು. ಆದರೆ 2023ರ ಆಗಸ್ಟ್ 1ರಿಂದ ಆ ಎಕ್ಸ್‌ಪ್ರೆಸ್ ಹೈವೇಯ ಮುಖ್ಯ ರಸ್ತೆಗೆ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ರಾತ್ರಿ ಪೂರ್ತಿ ಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಹಳ್ಳಿಗಳ ಒಳರಸ್ತೆಯಲ್ಲಿ ಹೋಗೋಣ ಅಂತ ಇಬ್ಬರು ಹೇಳಿದರು. ಹಗಲಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ರಾತ್ರಿ ಮಾತ್ರ ಬೇಡ. ಬಣ್ಣ ಬಳಿಯದ ಹಂಪ್‌ಗಳು ಕಾಣುವುದಿಲ್ಲ. ಪ್ರತಿ ಊರಿನ ಬಾಗಿಲಲ್ಲೂ ನಾಯಿಗಳು ಎದ್ದು ಬರುತ್ತವೆ. ಒಬ್ಬರು ಹೆದರಿ ಬ್ರೇಕ್ ಹಿಡಿದರೆ ಹಿಂದಿನ ಮೂವರು ಬೀಳುತ್ತಾರೆ. ತುಮಕೂರು ರಸ್ತೆಯಲ್ಲಿ ಲಾರಿಗಳು ಜಾಸ್ತಿ, ನಿಜ. ಆದರೆ ಅಂಚಿನಲ್ಲಿ ಬಿಳಿ ಗೆರೆಯ ಆಚೆ ಜಾಗ ಇದೆ, ದಾರಿಯುದ್ದಕ್ಕೂ ತೆರೆದಿರುವ ಡಾಬಾಗಳಿವೆ, ಪೆಟ್ರೋಲ್ ಬಂಕ್‌ಗಳಿವೆ. ನಮ್ಮ ಗುಂಪಿನಲ್ಲಿ ಮೂವರು ಹೆಂಗಸರು. ಬಂಕಿನ ಟಾಯ್ಲೆಟ್ ಎಷ್ಟು ಕಿಲೋಮೀಟರಿಗೊಂದು ಸಿಗುತ್ತದೆ ಅನ್ನುವುದು ನಮಗೆ ಸಣ್ಣ ವಿಷಯ ಅಲ್ಲ. ಅದಕ್ಕೇ ನೀರು ಕುಡಿಯದೆ ಹೊರಡುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ನಡುರಾತ್ರಿ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಸಮಯದ ಲೆಕ್ಕವನ್ನು ಬ್ರೆವೆಯಿಂದ ತೆಗೆದುಕೊಂಡಿದ್ದೇವೆ. ದೂರದ ಸೈಕಲ್ ಸವಾರಿಯವರು ನಡೆಸುವ ಬ್ರೆವೆಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಟೀ, ಊಟ, ಪಂಕ್ಚರ್ ಎಲ್ಲ ಅದರೊಳಗೇ. ಅಂದರೆ ಗಂಟೆಗೆ ಹದಿನೈದು ಕಿಲೋಮೀಟರಿಗಿಂತ ಚೂರು ಕಡಿಮೆ ಬಿದ್ದರೂ ನಡೆಯುತ್ತದೆ. ಹಾಗಾಗಿ ತುಮಕೂರು ಹನ್ನೆರಡೂವರೆಗೆ, ಶಿರಾ ನಾಲ್ಕಕ್ಕೆ, ಹಿರಿಯೂರು ಆರೂಮುಕ್ಕಾಲಿಗೆ. ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಂಗಳೂರಿನಿಂದ ಹಿರಿಯೂರಿನವರೆಗೆ ಒಟ್ಟಾರೆ ಇಳಿಜಾರು. ಅಲ್ಲಿಂದ ದುರ್ಗಕ್ಕೆ ಉಳಿದ 40 ಕಿಲೋಮೀಟರ್ ಏರು. ಕಾಲಲ್ಲಿ ಏನೂ ಉಳಿಯದ ಹೊತ್ತಿಗೆ ಆ ಏರು ಬರುತ್ತದೆ, ಆದರೆ ಬೆಳಕೂ ಬಂದಿರುತ್ತದೆ. ಮುಂಗಾರಿನಲ್ಲಿ ಇದೇ ದಾರಿಯಲ್ಲಿ ಹೋದರೆ ಪಶ್ಚಿಮದ ಗಾಳಿ ಎದೆಗೇ ಹೊಡೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಜನವರಿಯಲ್ಲಿ ಗಾಳಿ ಪೂರ್ವದ ಕಡೆಯದು. ಅದಕ್ಕೇ ಈ ತಿಂಗಳು.

ಹುಣ್ಣಿಮೆ ಬೇಕು ಅಂತ ಹಟ ಹಿಡಿದವಳು ನಾನು. ಹುಣ್ಣಿಮೆಯ ಚಂದ್ರ ಸಂಜೆ ಹುಟ್ಟಿದರೆ ಬೆಳಗಿನವರೆಗೂ ಆಕಾಶದಲ್ಲಿರುತ್ತಾನೆ. ಅವನ ಬೆಳಕಲ್ಲಿ ಗುಂಡಿ ಕಾಣುವುದಿಲ್ಲ. ಆದರೆ ರಸ್ತೆ ಎಲ್ಲಿ ತಿರುಗುತ್ತದೆ, ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ಕಾಣುತ್ತದೆ. ನನಗೆ ಆ ಎರಡನೆಯದು ಬೇಕು. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ಇದೇ ಗುಂಪು ರಾತ್ರಿ ಲೇಪಾಕ್ಷಿಗೆ ಹೋಗಿತ್ತು. ಅಮಾವಾಸ್ಯೆಗೆ ಹತ್ತಿರದ ದಿನ. ಬಾಗೇಪಲ್ಲಿ ದಾಟಿದ ಮೇಲೆ ಗುಂಪಿನ ಚಿಕ್ಕ ಹುಡುಗ ಹಿಂದೆ ಉಳಿದುಬಿಟ್ಟ. ಕಾಲೇಜು ಎರಡನೇ ವರ್ಷ ಓದುತ್ತಿದ್ದವನು. ಹಿಂದಿನ ಚಕ್ರ ಪಂಕ್ಚರ್ ಆಗಿತ್ತು, ಫೋನಿನ ಚಾರ್ಜ್ ಮುಗಿದಿತ್ತು. ನಾವು ಮಾತಾಡಿಕೊಂಡು ಹೋಗುತ್ತಲೇ ಇದ್ದೆವು. ಟೀ ಅಂಗಡಿ ಮುಂದೆ ಇಳಿದು ಗ್ಲಾಸು ಎಣಿಸಿದಾಗ ಒಂದು ಉಳಿಯಿತು. ಆಗಲೇ ಗೊತ್ತಾಗಿದ್ದು. ಅಷ್ಟು ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ವಾಪಸ್ ಹೋದಾಗ ಅವನು ಮೈಲಿಗಲ್ಲಿನ ಮೇಲೆ ಕೂತಿದ್ದ. ಬ್ಯಾಟರಿ ಉಳಿಸೋಣ ಅಂತ ಲೈಟ್ ಆರಿಸಿದ್ದ. ಇನ್ನು ಸ್ವಲ್ಪದಲ್ಲಿ ಅವನನ್ನು ದಾಟಿ ಹೋಗಿಬಿಡುತ್ತಿದ್ದೆವು. "ಅಕ್ಕ, ಕೂಗಿದೆ. ಯಾರಿಗೂ ಕೇಳಿಸ್ಲಿಲ್ಲ" ಅಂದ. ಅಷ್ಟೇ ಹೇಳಿದ್ದು. ಬೈಯಲಿಲ್ಲ, ಅಳಲಿಲ್ಲ. ಅವನ ಮುಂದೆ ಹೋಗುತ್ತಿದ್ದವಳು ನಾನು. ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಅದಕ್ಕೇ ಈ ಸಲ ಎಲ್ಲದಕ್ಕಿಂತ ಮೊದಲು ಬೆಳಕಿನ ಕೆಲಸ ಮುಗಿಸಿದೆ. ರಾತ್ರಿ ಎಂಟರಿಂದ ಬೆಳಗಿನ ಆರೂವರೆವರೆಗೆ ಹತ್ತೂವರೆ ಗಂಟೆ ಕತ್ತಲು. ನನ್ನ ಮುಂದಿನ ಲೈಟು ಪೂರ್ತಿ ಬೆಳಕಿಗೆ ಎರಡು ಗಂಟೆಯೂ ಬಾಳುವುದಿಲ್ಲ, ನಡುವಿನ ಬೆಳಕಿಗೆ ಐದು ಗಂಟೆ. ಡಬ್ಬದ ಮೇಲೆ ಬರೆದಿದ್ದನ್ನು ನಂಬದೆ ಮನೆಯಲ್ಲೇ ಹಚ್ಚಿಟ್ಟು ಗಡಿಯಾರ ನೋಡಿದೆ. ಹಾಗಾಗಿ ಎಲ್ಲರಿಗೂ ಎರಡು ಲೈಟು, ಇಲ್ಲದಿದ್ದರೆ ಒಂದು ಲೈಟು, ಒಂದು ಪವರ್ ಬ್ಯಾಂಕ್. ಹಿಂದಿನ ಕೆಂಪು ಲೈಟು ಎರಡು ಕಡ್ಡಾಯ. ಅದು ಮಿಟುಕಬಾರದು, ಒಂದೇ ಸಮ ಉರಿಯಬೇಕು. ಮಿಟುಕುವ ಲೈಟನ್ನು ಅರ್ಧ ಗಂಟೆ ನೋಡುತ್ತಾ ಹಿಂದೆ ಬನ್ನಿ, ಕಣ್ಣು ಏನಾಗುತ್ತದೆ ಗೊತ್ತಾಗುತ್ತದೆ.

ಹೊಳೆಯುವ ಪಟ್ಟಿಗಳನ್ನು ನಾನೇ ಹೊಲಿದೆ. ಎರಡು ಇಂಚಿನ ರೋಲ್ ತಂದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳಿರುತ್ತವೆ. ಲಾರಿಯ ಬೆಳಕು ಬಿದ್ದರೆ ಅದನ್ನು ಬಂದ ಕಡೆಗೇ ತಿರುಗಿಸುವುದು ಆ ಮಣಿಗಳೇ. ನಡುವೆ ಸೂಜಿ ಓಡಿಸಿದರೆ ಹೊಳಪು ಹೋಗುತ್ತದೆ, ಅಂಚಿನಲ್ಲೇ ಹೊಲಿಯಬೇಕು. ಬ್ಲೌಸಿನ ಸೂಜಿ ತೆಗೆದು ಹದಿನಾರನೇ ನಂಬರ್ ಹಾಕಿದೆ, ಹೊಲಿಗೆ ಉದ್ದ ಇಟ್ಟೆ. ಇಸ್ತ್ರಿ ಮುಟ್ಟಿಸಲಿಲ್ಲ. ಬೆನ್ನಿಗೆ ಜಾಕೆಟ್ ಇದ್ದೇ ಇದೆ. ಇವು ಕಣಕಾಲಿಗೆ, ಒಬ್ಬೊಬ್ಬರಿಗೆ ಎರಡು, ಒಟ್ಟು ಹದಿನೆಂಟು. ಬೆನ್ನಿನ ಪಟ್ಟಿ ನಿಂತಲ್ಲೇ ನಿಂತಿರುತ್ತದೆ, ದೂರದಿಂದ ನೋಡಿದರೆ ಯಾವುದೋ ಬೋರ್ಡು ಅನ್ನಿಸಬಹುದು. ಕಣಕಾಲಿನದು ಮೇಲೆ ಕೆಳಗೆ ಆಡುತ್ತದೆ. ಅಲ್ಲಿ ಒಬ್ಬ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ ಅಂತ ಲಾರಿಯವನಿಗೆ ತಕ್ಷಣ ಹೊಳೆಯುತ್ತದೆ.

ಆಮೇಲೆ ಪಂಕ್ಚರ್. ಟ್ಯೂಬ್ ಬದಲಾಯಿಸಲು ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಕತ್ತಲಲ್ಲಿ ಬರುತ್ತದಾ? ಹೋದ ಭಾನುವಾರ ರಾತ್ರಿ ಟೆರೇಸ್ ಮೇಲೆ ಲೈಟ್ ಆರಿಸಿ ಕೂತೆ. ಚೈನನ್ನು ಚಿಕ್ಕ ಹಲ್ಲಿನ ಚಕ್ರಕ್ಕೆ ಇಳಿಸಿ ಹಿಂದಿನ ಚಕ್ರ ಬಿಚ್ಚಿದೆ. ಹಳೇ ಟಯರು, ವಾರದ ಹಿಂದೆ ಹೆದ್ದಾರಿಯಲ್ಲಿ ಗಾಳಿ ಹೋಗಿದ್ದು. ಲಿವರ್ ಹಾಕಿ ಟ್ಯೂಬ್ ಎಳೆದು ಪಕ್ಕಕ್ಕಿಟ್ಟು, ಟಯರಿನ ಒಳಗೆ ತೋರುಬೆರಳನ್ನು ನಿಧಾನವಾಗಿ ಸುತ್ತಿಸಿದೆ. ಒಂದು ಸುತ್ತು, ಏನೂ ಇಲ್ಲ. ಎರಡನೇ ಸುತ್ತಿನಲ್ಲಿ ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಬೆರಳಿಗೆ ಏನೋ ತಾಗಿತು. ರೇಷ್ಮೆಯೊಳಗೆ ಉಳಿದುಹೋದ ಗುಂಡುಪಿನ್ನು ತಾಗುತ್ತದಲ್ಲ, ಹಾಗೆ. ಕೂದಲಿಗಿಂತ ಒಂಚೂರು ದಪ್ಪ, ಅಕ್ಕಿಕಾಳಿನ ಅರ್ಧ ಉದ್ದ. ಸಿಡಿದ ಲಾರಿ ಟಯರಿನ ತಂತಿ. ಹೆದ್ದಾರಿ ಅಂಚಿನಲ್ಲಿ ಕಪ್ಪು ಟಯರ್ ಚೂರುಗಳು ಬಿದ್ದಿರುತ್ತವಲ್ಲ, ಅವುಗಳ ಹೊಟ್ಟೆಯೊಳಗೆ ಇಂಥ ತಂತಿ ತುಂಬಿರುತ್ತದೆ. ಇದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಕಿಲೋಮೀಟರಿನಲ್ಲಿ ಅದೂ ಹೋಗುತ್ತದೆ. ಹೊರಗಿನಿಂದ ಎಷ್ಟೇ ಟಾರ್ಚ್ ಬಿಟ್ಟರೂ ಕಾಣುವುದಿಲ್ಲ. ನೂಲು ಕೀಳಲು ಅಂಗಡಿಯಲ್ಲಿ ಇಟ್ಟುಕೊಂಡಿರುವ ಚಿಮಟದಿಂದ ಹಿಡಿದು ಎಳೆದೆ, ಬಂತು. ಆ ಚಿಮಟ ಈಗ ನನ್ನ ಸೀಟಿನ ಕೆಳಗಿನ ಚೀಲದಲ್ಲಿದೆ. ಅದರ ಜೊತೆ ಒಂದು ಚೂರು ಹತ್ತಿ. ಬೆರಳಿಗೆ ಸಿಗದಿದ್ದರೆ ಹತ್ತಿಯನ್ನು ಟಯರಿನ ಒಳಗೆ ಸುತ್ತಿಸಿ, ತಂತಿ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ಮೊದಲ ಸಲ ಎಲ್ಲ ಸೇರಿ 31 ನಿಮಿಷ ಆಯಿತು. ಮೂರನೇ ಸಲ 14. ಇದನ್ನು ಎಲ್ಲರಿಗೂ ಮನೆಗೆಲಸ ಕೊಟ್ಟಿದ್ದೇನೆ. ಹುಡುಗ 11 ನಿಮಿಷದಲ್ಲಿ ಮುಗಿಸಿದೆ ಅಂತ ಫೋನ್ ಮಾಡಿದ್ದ.

ಊಟದ ವಿಷಯಕ್ಕೆ ನಮ್ಮ ಅತ್ತೆ ಕೈ ಹಾಕಿದ್ದಾರೆ. ಮೊದಲು ಅವರಿಗೆ ಈ ಸವಾರಿ ಒಪ್ಪಿಗೆ ಇರಲಿಲ್ಲ. ಬನದ ಹುಣ್ಣಿಮೆಗೆ ಬನಶಂಕರಿ ಗುಡಿಗೆ ಹೋಗುವವರು ಅವರು. "ರಾತ್ರಿ ಎಲ್ಲಿ ಮಲಗ್ತೀರಾ?" ಅಂದರು. "ಮಲಗಲ್ಲ ಅತ್ತೆ, ತುಳೀತಾನೇ ಇರ್ತೀವಿ" ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮಾರನೇ ದಿನ ಅಂಗಡಿಯಿಂದ ಬಂದಾಗ ಮನೆ ತುಂಬಾ ಕಡಲೆಬೀಜ ಹುರಿದ ವಾಸನೆ. ಬೆಲ್ಲದ ಪಾಕ ಹಿಡಿದು ಚಿಕ್ಕಿ ಮಾಡಿ, ಒಂಬತ್ತು ಪೊಟ್ಟಣ ಕಟ್ಟಿಟ್ಟಿದ್ದರು. "ನಿಂದೊಂದೇ ಅಲ್ಲ, ಎಲ್ಲರದೂ" ಅಂದರು. ಚಪಾತಿಗೆ ತುಪ್ಪ, ಬೆಲ್ಲ ಸವರಿ ಸುರುಳಿ ಸುತ್ತಿದ್ದು, ಪುಳಿಯೋಗರೆ, ಏಲಕ್ಕಿ ಬಾಳೆ, ಓಆರ್‌ಎಸ್ ಪುಡಿ, ಇಷ್ಟು ಸಾಕು. ಮುಕ್ಕಾಲು ಗಂಟೆಗೊಮ್ಮೆ ಎರಡು ತುತ್ತು, ಹಸಿವಾಗಲಿ ಬಿಡಲಿ. ಹಸಿವು ಗೊತ್ತಾಗುವಷ್ಟು ಹೊತ್ತಿಗೆ ತಡವಾಗಿರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹುಡುಗರು ಆಸೆಪಟ್ಟಿದ್ದರು, ಪಾಪ. ನಾವು ಅಲ್ಲಿಗೆ ಸೇರುವಾಗ ನಡುರಾತ್ರಿ.

ನಿದ್ದೆಯ ಬಗ್ಗೆ ಮೇಷ್ಟ್ರು ಹೇಳಿದ್ದನ್ನೇ ಎಲ್ಲರೂ ಒಪ್ಪಿದ್ದೇವೆ. ಅವರು ನಿವೃತ್ತ ಪಿ.ಟಿ. ಮೇಷ್ಟ್ರು, ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು. "ನೋಡಮ್ಮಾ, ಮೂರರಿಂದ ಐದು ಗಂಟೆ ಒಳಗೆ ದೇಹ ತಣ್ಣಗಾಗುತ್ತೆ, ಕಣ್ಣು ತಾನೇ ಮುಚ್ಚುತ್ತೆ. ಅದರ ಜೊತೆ ಜಿದ್ದಿಗೆ ಬೀಳಬಾರದು" ಅಂತಾರೆ. ಶನಿವಾರ ಮಧ್ಯಾಹ್ನ ಎಲ್ಲರೂ ಎರಡು ಗಂಟೆ ಮಲಗಬೇಕು. ದಾರಿಯಲ್ಲಿ ಯಾರಿಗೆ ಜೊಂಪು ಬಂದರೂ ಬಾಯಿಬಿಟ್ಟು ಹೇಳಬೇಕು. ಹೇಳಿದ ತಕ್ಷಣ ಒಂಬತ್ತೂ ಜನ ನಿಲ್ಲುತ್ತೇವೆ. ಶಿರಾ ಹತ್ತಿರದ ಡಾಬಾದಲ್ಲಿ ಹಗ್ಗದ ಮಂಚಗಳಿವೆ. ಒಂದು ಲೋಟ ಕಾಫಿ ಕುಡಿದು ಅದರ ಮೇಲೆ ಕಾಲು ಗಂಟೆ ಮಲಗಿದರೆ, ಏಳುವ ಹೊತ್ತಿಗೆ ಕಾಫಿಯೂ ತನ್ನ ಕೆಲಸ ಶುರು ಮಾಡಿರುತ್ತದೆ.

ಇನ್ನೊಂದು ಬದಲಾವಣೆ. ಮೊದಲೆಲ್ಲ ನಿಧಾನ ತುಳಿಯುವವರು ತಾವಾಗೇ ಕೊನೆಗೆ ಬೀಳುತ್ತಿದ್ದರು. ಈ ಸಲ ಅವರು ಮುಂದೆ. ವೇಗ ಅವರದ್ದೇ. ಕೊನೆಗೆ ಬರುವವರು ಗಟ್ಟಿಗರು, ಪಂಪು, ಎರಡು ಟ್ಯೂಬು, ಔಷಧಿ ಅವರ ಹತ್ತಿರ. ಅವರ ಹಿಂದೆ ಯಾರೂ ಇರುವ ಹಾಗಿಲ್ಲ. ಕೊನೆಯ ಜಾಗ ನನಗೆ ಬೇಕು ಅಂತ ನಾನೇ ಕೇಳಿ ತೆಗೆದುಕೊಂಡೆ. ಅರ್ಧ ಗಂಟೆಗೊಮ್ಮೆ ಮುಂದಿನಿಂದ ಎಣಿಕೆ ಶುರುವಾಗುತ್ತದೆ. ಒಂದು ಅಂತ ಮೇಷ್ಟ್ರು, ಎರಡು, ಮೂರು ಅಂತ ಹಿಂದಿನವರು. ಒಂಬತ್ತು ಕೇಳಿಸದಿದ್ದರೆ ಅಲ್ಲೇ ನಿಲ್ಲಬೇಕು. ಲಾರಿ ಸದ್ದಿನಲ್ಲಿ ಕೂಗು ಮುಳುಗಬಾರದು ಅಂತ ನನ್ನ ಕೊರಳಿಗೆ ಮೇಷ್ಟ್ರ ಹಳೇ ಸೀಟಿ ಇರುತ್ತದೆ.

ನಿನ್ನೆ ಸಂಜೆ ಹುಡುಗ ಅಂಗಡಿಗೆ ಬಂದಿದ್ದ, ಕಾಲಿನ ಪಟ್ಟಿ ತೆಗೆದುಕೊಂಡು ಹೋಗಲು. ಒಳಗಡೆ ಸ್ಟೂಲ್ ಮೇಲೆ ಕೂತು ಕಟ್ಟಿ ನೋಡಿದ. ಅಳತೆ ಸರಿ ಇತ್ತು. ಅಂಗಡಿ ಲೈಟ್ ಆರಿಸಿ ಫೋನಿನ ಟಾರ್ಚ್ ಬಿಟ್ಟೆ. ಎರಡು ಕಣಕಾಲೂ ಬೆಳ್ಳಗೆ ಉರಿದವು. ಕೂತಲ್ಲೇ ಪೆಡಲ್ ತುಳಿದ ಹಾಗೆ ಕಾಲು ಆಡಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದ:

"ಅಕ್ಕ, ನಾನು ಎಂಟು. ಒಂಬತ್ತು ನೀವು ಅಲ್ವಾ?"

"ಹೂಂ, ನಾನೇ" ಅಂದೆ.