ಪುಸ್ತಕದ ಪ್ರಕಾರ ನೀರು ನಿಂತಿತ್ತು

ಮೊನ್ನೆ ಆಫೀಸಿನವರು ಹಳೇ ರಿಪೋರ್ಟ್‌ಗಳನ್ನೆಲ್ಲ ಮತ್ತೆ ಕೇಳಿದರು. ಫೈಲ್ ತೆಗೆದರೆ ಮೊದಲು ಸಿಕ್ಕಿದ್ದೇ ಆ ಫಾರಂ. ‘ಸೋಲಿಗೆ ಕಾರಣ’ ಅಂತ ಒಂದು ಕಾಲಂ. ಅದರಲ್ಲಿ ನನ್ನದೇ ಅಕ್ಷರ: ‘ಒಂದು ಗಂಟೆ’. ಪಕ್ಕದಲ್ಲಿ ಯಾರೋ ಕೆಂಪು ಪೆನ್ನಿನಲ್ಲಿ ‘ಯಾವ ಒಂದು ಗಂಟೆ? ವಿವರಿಸಿ’ ಅಂತ ಬರೆದಿದ್ದಾರೆ. ಆಗ ಫೋನಿನಲ್ಲಿ ವಿವರಿಸಿದ್ದೆ. ಆ ಕಡೆಯವರು ಎಲ್ಲದಕ್ಕೂ ‘ಹೂಂ ಹೂಂ’ ಅಂದು ಕೊನೆಗೆ ಟ್ಯಾಕ್ಸಿ ಬಿಲ್ ಎಲ್ಲಿ ಅಂತ ಕೇಳಿದರು.

ನಾನು ಹೆಣ್ಣುಮಕ್ಕಳ ಮ್ಯಾಚ್ ರೇಸಿಂಗ್ ತಂಡದ ಕೋಚ್. ಎರಡೇ ಹಾಯಿದೋಣಿ ಒಂದಕ್ಕೊಂದು ಎದುರಾಗಿ ಸ್ಪರ್ಧಿಸುವ ರೇಸ್ ಅದು. ಮನೆ ಮಂಡ್ಯ, ಕೆಲಸ ಕೆಆರ್‌ಎಸ್ ಹಿನ್ನೀರಿನಲ್ಲಿ. ಅಣೆಕಟ್ಟು 124.80 ಅಡಿ ಮುಟ್ಟಿದ ದಿನ ಊರೆಲ್ಲ ಬಾಗಿನದ ಮಾತಾಡುತ್ತದೆ. ನಮಗೆ ಮಾತ್ರ, ಸದ್ಯ ಮರದ ಬೊಡ್ಡೆಗಳೆಲ್ಲ ಮುಳುಗಿದವಲ್ಲ ಅನ್ನೋ ಸಮಾಧಾನ. ಬೇಸಿಗೆಯಲ್ಲಿ ದೋಣಿ ತಳದ ಕೀಲ್ ಎಲ್ಲಿ ತಗಲುತ್ತದೋ ಅಂತ ಜೀವ ಕೈಯಲ್ಲಿ ಹಿಡಿದೇ ಟ್ಯಾಕ್ ಮಾಡಬೇಕು, ಅಂದರೆ ಗಾಳಿಗೆ ಮೂತಿ ಕೊಟ್ಟು ದೋಣಿ ತಿರುಗಿಸಬೇಕು. ಮಳೆಗಾಲದಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅಭ್ಯಾಸಕ್ಕೆ ಬೇರೆ ಏನೂ ಬೇಡ.

ಇಲ್ಲಿ ಇಲ್ಲದ್ದು ಒಂದೇ, ಸೆಳೆತ. ಹಿನ್ನೀರು ಅಂದರೆ ನಿಂತ ನೀರು. ನಮ್ಮ ಹುಡುಗಿಯರ ಟೈಮ್ ಅಂಡ್ ಡಿಸ್ಟೆನ್ಸ್, ಅಂದರೆ ಸ್ಟಾರ್ಟ್ ಲೈನ್ ಮುಟ್ಟಲು ಎಷ್ಟು ಹೊತ್ತು ಅನ್ನುವ ಅಂದಾಜು, ಎಲ್ಲ ನಿಂತ ನೀರಿನಲ್ಲಿ ಕಲಿತದ್ದು. ಲೈನಿಗೆ 40 ಸೆಕೆಂಡು ಅಂದರೆ 40 ಸೆಕೆಂಡೇ.

ಆ ಸಲ ಹೋಗಿದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ಬಂದರಿಗೆ. ದುಡ್ಡು ಹೊಂದಿಸುವುದೇ ಒಂದು ರೇಸ್ ಆಗಿತ್ತು. ‘ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಯಾಕೆ ಖರ್ಚು?’ ಅನ್ನುವುದು ಮೇಲಿನವರ ಖಾಯಂ ಪ್ರಶ್ನೆ. ಇತ್ತು ಸ್ವಾಮಿ, 2012ರಲ್ಲಿ ಇತ್ತು. ಲಂಡನ್ ಒಲಿಂಪಿಕ್ಸ್‌ನ ಸೇಲಿಂಗ್ ವೇಮತ್‌ನಲ್ಲಿ ನಡೆದಾಗ ಮೂರು ಮೂರು ಹೆಂಗಸರು ಆರು ಮೀಟರ್‌ನ ಎಲಿಯಟ್ ದೋಣಿಗಳಲ್ಲಿ ಕಾದಾಡಿದರು. ಸ್ಪೇನ್‌ಗೆ ಚಿನ್ನ, ಆಸ್ಟ್ರೇಲಿಯಾಗೆ ಬೆಳ್ಳಿ, ಫಿನ್ಲೆಂಡ್‌ಗೆ ಕಂಚು. ಆಮೇಲೆ ತೆಗೆದುಹಾಕಿದರು. 2016ರಲ್ಲಿ ಹೆಂಗಸರಿಗೆ ಫಾರ್ಟಿನೈನರ್ ಎಫ್‌ಎಕ್ಸ್ ದೋಣಿಯ ರೇಸ್ ಬಂತು. ಇದನ್ನು ನಾನು ಎಷ್ಟು ಮೀಟಿಂಗ್‌ನಲ್ಲಿ ಹೇಳಿದ್ದೇನೋ ಲೆಕ್ಕ ಇಲ್ಲ. ಕೊನೆಗೆ ಟಿಕೆಟ್ ಸಿಕ್ಕಿತು. ನೀರಿನ ಸೆಳೆತ ಅಳೆಯುವ ಕರೆಂಟ್ ಮೀಟರ್ ಕೇಳಿದ್ದೆ, ಅದು ಸಿಗಲಿಲ್ಲ. ‘ಅಲ್ಲಿ ಟೈಡ್ ಟೇಬಲ್ ಪುಸ್ತಕ ಸಿಗುತ್ತಲ್ವಾ, ಅಷ್ಟು ಸಾಕು’ ಅಂದರು.

ಪುಸ್ತಕ ಸಿಕ್ಕಿತು. ಅಂಗೈ ಅಗಲದ್ದು, ಉಬ್ಬರ ಇಳಿತ ಯಾವಾಗ ಅಂತ ಅಚ್ಚು ಹಾಕಿದ್ದು. ಹಿಂದಿನ ರಾತ್ರಿ ಅದನ್ನು ಮುಂದಿಟ್ಟುಕೊಂಡು ಕೂತೆ. ನೀರಿನ ಮಟ್ಟ ಗಂಟೆಗೆ ಎಷ್ಟು ಪಾಲು ಏರುತ್ತದೆ, ಇಳಿಯುತ್ತದೆ ಅನ್ನುವ ಹನ್ನೆರಡರ ಲೆಕ್ಕ ನನಗೆ ಬಾಯಿಪಾಠ: ಆರು ಗಂಟೆಯಲ್ಲಿ ಒಂದು, ಎರಡು, ಮೂರು, ಮೂರು, ಎರಡು, ಒಂದು. ನೀರು ನಿಲ್ಲುವುದು 11:35ಕ್ಕೆ. ನಮ್ಮ ಮ್ಯಾಚ್ 11:40ಕ್ಕೆ. ಇದಕ್ಕಿಂತ ಒಳ್ಳೇದು ಏನು ಬೇಕು? ದೇವರೇ ಕೆಆರ್‌ಎಸ್ ತಂದು ಅಲ್ಲಿ ಇಟ್ಟ ಹಾಗೆ. ಹಾಯಾಗಿ ಮಲಗಿದೆ.

ಬೆಳಗ್ಗೆ ಬ್ರೀಫಿಂಗ್‌ನಲ್ಲಿ ಜೋರಾಗಿಯೇ ಹೇಳಿದೆ. “ನಮ್ಮ ಸ್ಟಾರ್ಟ್ ಟೈಮಿಗೆ ಸೆಳೆತ ಜೀರೋ. ಹಿನ್ನೀರಿನಲ್ಲಿ ಮಾಡೋ ಹಾಗೇ ಮಾಡಿ.”

ಬೋ ಹುಡುಗಿ, ಅಂದರೆ ದೋಣಿಯ ಮುಂತುದಿಯಲ್ಲಿ ನಿಲ್ಲುವವಳು, ಶ್ರೀರಂಗಪಟ್ಟಣದವಳು. ಅವರ ಮನೆಯಲ್ಲಿ ಸಂಗಮದ ಹತ್ತಿರ ತೆಪ್ಪ ಹಾಕುತ್ತಾರೆ, ತಾತನ ಕಾಲದಿಂದ. ಜೆಟ್ಟಿಯಿಂದ ಹೊರಟಾಗ ಅವಳು ದೋಣಿ ಕಟ್ಟುವ ತೇಲುಗುಂಡು, ಒಂದು ಮೂರಿಂಗ್ ಬೋಯ್ ಕಡೆ ಕೈ ತೋರಿಸಿದಳು. “ಅಕ್ಕಾ, ನೀರು ಇನ್ನೂ ಎಳೀತಾ ಅದೆ ಅಲ್ವಾ? ಬೋಯ್ ಹಿಂದೆ ನೋಡಿ, ಹೆಂಗೆ ಸುಳಿ ಕಟ್ಟದೆ.”

ನೋಡಿದೆ. ಸುಳಿ ಇತ್ತು. ನಾನು ಹೇಳಿದ್ದು, “ಈಗ ಎಳೆಯುತ್ತೆ ಕಣೇ. ಹನ್ನೊಂದೂವರೆಗೆ ನಿಲ್ಲುತ್ತೆ. ಪುಸ್ತಕದಲ್ಲಿ ಇದೆ.”

ಅವಳು ಸುಮ್ಮನಾದಳು. ಇಲ್ಲಿ ಒಂದು ಮಾತು ಹೇಳಬೇಕು, ಅವಳು ಹೇಳಿದ್ದೆಲ್ಲ ಸರಿ ಆಗುತ್ತದೆ ಅಂತ ಏನಿಲ್ಲ. ಹಿಂದಿನ ದಿನ ‘ಬಲಗಡೆ ಗಾಳಿ ಜಾಸ್ತಿ’ ಅಂತ ಹೇಳಿ ಎರಡು ಮ್ಯಾಚ್‌ನಲ್ಲಿ ದಾರಿ ತಪ್ಪಿಸಿದ್ದಳು. ಅದೂ ನನ್ನ ತಲೆಯಲ್ಲಿತ್ತು.

ಮ್ಯಾಚ್ ಶುರುವಾದ ಮೇಲೆ ಕೋಚ್ ಬಾಯಿ ಬಿಡುವ ಹಾಗಿಲ್ಲ. ದೂರದಲ್ಲಿ ರಬ್ಬರ್ ದೋಣಿಯಲ್ಲಿ ಕೂತು ನೋಡುವುದಷ್ಟೇ. ಕ್ವಾರ್ಟರ್ ಫೈನಲ್‌ಗೆ ಹೋಗಲು ಆ ಒಂದು ಗೆಲುವು ಬೇಕಿತ್ತು. ನಮ್ಮದು ಹಳದಿ ಬಾವುಟ, ಎದುರಾಳಿಯದು ನೀಲಿ. ನಮಗೆ ಸ್ಟಾರ್‌ಬೋರ್ಡ್, ಅಂದರೆ ಬಲಗಡೆಯಿಂದ ಎಂಟ್ರಿ. ನಾಲ್ಕು ನಿಮಿಷದ ಸಿಗ್ನಲ್‌ಗೆ ಸರಿಯಾಗಿ ನುಗ್ಗಿದರು. ಎರಡೂ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುವ ಡೈಲ್-ಅಪ್‌ನಲ್ಲಿ ನೀಲಿ ದೋಣಿ ತಡವಾಗಿ ತಿರುಗಿತು. ನಮ್ಮವರು ತಕರಾರಿನ ವೈ ಬಾವುಟ ಎತ್ತಿದರು. ಅಂಪೈರ್ ದೋಣಿಯಿಂದ ಸೀಟಿ, ನೀಲಿ ಬಾವುಟ. ಪೆನಾಲ್ಟಿ ಅವರಿಗೆ! ನಾನು ಒಬ್ಬಳೇ ಕೂತು ತೊಡೆ ತಟ್ಟಿಕೊಂಡೆ.

ಇನ್ನು ಒಂದೂವರೆ ನಿಮಿಷ. ಎಂಜಿನ್ ನ್ಯೂಟ್ರಲ್‌ಗೆ ಹಾಕಿ ನೀರಿನ ಬಾಟಲಿ ತೆಗೆದೆ. ಕುಡಿದು ತಲೆ ಎತ್ತಿದರೆ ಪಕ್ಕದಲ್ಲಿದ್ದ ಕಿತ್ತಳೆ ಬೋಯ್ ಹಿಂದಕ್ಕೆ ಹೋಗಿದೆ. ಬೋಯ್ ಹೇಗೆ ಹೋಗುತ್ತದೆ? ಹೋಗುತ್ತಿದ್ದದ್ದು ನಾನು. ಮುಖಕ್ಕೆ ಹತ್ತು ನಾಟ್ ಗಾಳಿ ಬೀಸುತ್ತಿದೆ. ರಬ್ಬರ್ ದೋಣಿ ಗಾಳಿಯ ಜೊತೆ ಹಿಂದಕ್ಕೆ ಸರಿಯಬೇಕು. ಅದು ಗಾಳಿಗೆ ಎದುರಾಗಿ ಮೆಲ್ಲಗೆ ಮುಂದಕ್ಕೆ ಹೋಗುತ್ತಿದೆ. ರೇಸ್ ನಡೆಸುವವರ ಕಮಿಟಿ ಬೋಟ್ ನೋಡಿದೆ. ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಕೊಟ್ಟು ನಿಲ್ಲಬೇಕಲ್ವಾ? ಅದು ಅಡ್ಡಡ್ಡ ನಿಂತಿತ್ತು. ಬೆಳಗ್ಗೆಯಿಂದ ಹಾಗೇ ನಿಂತಿತ್ತೇನೋ, ಕಣ್ಣು ಪುಸ್ತಕದಲ್ಲಿತ್ತು.

ಲೆಕ್ಕ ತಾನಾಗಿಯೇ ಬಂತು. ಒಂದು ನಾಟ್ ಸೆಳೆತ ಅಂದರೆ ನಿಮಿಷಕ್ಕೆ ಸುಮಾರು 30 ಮೀಟರ್. ನಮ್ಮ ದೋಣಿ ಆರು ಮೀಟರ್. ಐದು ದೋಣಿ ಉದ್ದ, ಪುಕ್ಕಟೆ. ಅದೂ ಲೈನಿನ ಕಡೆಗೇ.

ನಮ್ಮವರು ಆಗಲೇ ಲೈನಿಗೆ ತಿರುಗಿಯಾಗಿತ್ತು. ಚುಕ್ಕಾಣಿ ಹಿಡಿದ ಹುಡುಗಿ, ಹೆಲ್ಮ್, 40 ಸೆಕೆಂಡಿನ ಲೆಕ್ಕ ಹಿಡಿದು ಬರುತ್ತಿದ್ದಳು. ನೀಲಿಯವರು ಕೆಳಗೆ ಹಿಂದೆ ಅಂಟಿಕೊಂಡಿದ್ದರು, ಸ್ಪೀಡ್ ಕಳೆಯಲು ಕೆಳಗಿಳಿಯುವಂತಿಲ್ಲ. ಬೋ ಹುಡುಗಿ ಅಂಗೈ ಹಿಂದಕ್ಕೆ ಮಾಡಿ ‘ತಡಿ’ ಅಂದಳು. ಮತ್ತೆ ಒಂದು ಸಲ, ಈ ಸಲ ಕೈ ಇಳಿಸಲೇ ಇಲ್ಲ. ಅಷ್ಟು ದೂರದಿಂದಲೂ ನನಗೆ ಕಾಣುತ್ತಿತ್ತು. ಹೆಲ್ಮ್ ವಾಚ್ ನೋಡಿದಳು, ಕೈ ನೋಡಿದಳು, ಮತ್ತೆ ವಾಚ್ ನೋಡಿದಳು. ಅವಳ ತಲೆಯಲ್ಲಿ ನನ್ನ ಮಾತು ಇತ್ತು. ಸೆಳೆತ ಜೀರೋ.

ಕೊನೆಗೆ ಶೀಟ್, ಅಂದರೆ ಹಾಯಿ ಹಗ್ಗ, ಬಿಟ್ಟರು. ಹಾಯಿ ಪಟಪಟ ಹೊಡೆದುಕೊಂಡಿತು. ಹಾಯಿ ಸಡಿಲ ಮಾಡಿದರೆ ಗಾಳಿ ಬಿಡುತ್ತದೆ, ನೀರು ಬಿಡುವುದಿಲ್ಲ. ನಾನು ‘ಹಿಂದೆ, ಹಿಂದೆ’ ಅಂತ ಬಾಯೊಳಗೇ ಅಂದುಕೊಳ್ಳುತ್ತಾ ಕೂತಿದ್ದೆ. ಆರೇಳು ಸೆಕೆಂಡು ಇರುವಾಗಲೇ ಬೋ ಲೈನ್ ದಾಟಿತು. ಸ್ಟಾರ್ಟ್. ಕಮಿಟಿ ಬೋಟಿನಲ್ಲಿ ಹಳದಿ ಬಾವುಟ ಏರಿತು.

ಮೊದಲೇ ದಾಟಿದವರು ವಾಪಸ್ ಬಂದು ಮತ್ತೆ ಲೈನ್ ದಾಟಬೇಕಲ್ಲ. ಬಂದ ಸೆಳೆತಕ್ಕೆ ಎದುರಾಗಿ. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನಾನು ನೋಡಲಿಲ್ಲ, ಕಾಲ ಬುಡದ ಪೆಟ್ರೋಲ್ ಕ್ಯಾನ್ ನೋಡುತ್ತಿದ್ದೆ. ನೀಲಿಯವರು ಎರಡು ಸುತ್ತೂ ಮುಂದೆ. ಕೊನೇ ಲೆಗ್‌ನಲ್ಲಿ ಆರಾಮಾಗಿ ಟ್ಯಾಕ್ ಹೊಡೆದು ಪೆನಾಲ್ಟಿ ಮುಗಿಸಿ, ಫಿನಿಶ್ ಮಾಡಿ, ಬಾಳೆಹಣ್ಣು ಸುಲಿಯುತ್ತಾ ಕೂತಿದ್ದರು.

ದಡಕ್ಕೆ ಬಂದ ಮೇಲೆ ನಾನು ಹೇಳಿದ ಮೊದಲ ಮಾತು ಈಗಲೂ ಚುಚ್ಚುತ್ತದೆ. “ಟೇಬಲ್‌ಗಿಂತ ನೀರು ಲೇಟಾಗಿದೆ. ಗಾಳಿಯಿಂದ ಹಾಗಾಗುತ್ತೆ ಕೆಲವು ಸಲ.” ಯಾರೂ ಎದುರು ಮಾತಾಡಲಿಲ್ಲ. ಹೆಲ್ಮ್ ಅಂತೂ ತನ್ನದೇ ತಪ್ಪು ಅಂತ ಅತ್ತಳು. ಹಾಯಿ ನೋಡಿಕೊಳ್ಳುವ ಟ್ರಿಮ್ಮರ್ ಅವಳಿಗೆ, 2012ರ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಹೆಲ್ಮ್ ದೋಣಿಯಿಂದ ನೀರಿಗೇ ಬಿದ್ದಿದ್ದಳು, ನೀನು ದೋಣಿ ಮೇಲಾದರೂ ಇದ್ದೆಯಲ್ಲ ಅಂತ ಸಮಾಧಾನ ಮಾಡಿದಳು.

ರಾತ್ರಿ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸಾರಿಗೆ ಕುದಿ ಬರಲಿ ಅಂತ ನಿಂತಿದ್ದಾಗ ಆ ಪುಸ್ತಕ ಮತ್ತೆ ತೆಗೆದೆ. ಪುಟದ ತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಇಲ್ಲಿರುವುದು ಗ್ರೀನಿಚ್ ಸಮಯ, ಬೇಸಿಗೆಯಲ್ಲಿ ಒಂದು ಗಂಟೆ ಸೇರಿಸಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಫೋನು, ವಾಚು ಎಲ್ಲ ತಾವೇ ತಿದ್ದಿಕೊಂಡಿದ್ದವು. ಅದರ ಹಿಂದಿನ ವರ್ಷ ಬೇರೆ ಬಂದರಿನಲ್ಲಿ ಕೊಂಡ ಪುಸ್ತಕದಲ್ಲಿ ಆ ಗಂಟೆ ಸೇರಿಸಿಯೇ ಅಚ್ಚು ಹಾಕಿದ್ದರು. ಇದೂ ಹಾಗೇ ಅಂದುಕೊಂಡೆ. ನೀರು ನಿಲ್ಲುವುದು 12:35ಕ್ಕೆ. ನನ್ನ ಹುಡುಗಿಯರು ಹೊರಟದ್ದು ಅದಕ್ಕೆ 55 ನಿಮಿಷ ಮೊದಲು.

ಹೇಳದೆ ಬಿಡಬಹುದಿತ್ತು. ಆ ಪುಸ್ತಕ ನನ್ನ ಬಿಟ್ಟು ಬೇರೆ ಯಾರೂ ಮುಟ್ಟುವವರಲ್ಲ. ಒಂದೆರಡು ನಿಮಿಷ ಹಾಗೆ ಯೋಚನೆ ಮಾಡಿದ್ದೂ ನಿಜ. ಆಮೇಲೆ ಮೂವರನ್ನೂ ಕರೆದು ಪುಟ ತೋರಿಸಿದೆ. ಹೆಲ್ಮ್ ಎರಡು ಸಲ ಓದಿದಳು. ಅವಳು ನನ್ನ ಮುಖ ನೋಡಲಿಲ್ಲ. ‘ನಾನು ಬೆಳಗ್ಗೆನೇ ಹೇಳಿದ್ದೆ’ ಅಂತ ಬೋ ಹುಡುಗಿ ಒಂದೇ ಒಂದು ಸಲ ಅನ್ನಲಿ ಅಂತ ಕಾದೆ. ಅವಳು ಸೌಟಿನಲ್ಲಿ ಸಾರು ತೆಗೆದು ನೆಕ್ಕಿದಳು. “ಅಕ್ಕಾ, ಉಪ್ಪು ಹಾಕೇ ಇಲ್ಲ ನೀವು.”

ಈಗ ಟೈಡ್ ಟೇಬಲ್ ನಾನು ಓದುವುದಿಲ್ಲ. ಬೋ ಓದಿ ಬರೆಯುತ್ತಾಳೆ, ಹೆಲ್ಮ್ ಬೇರೆಯಾಗಿ ಓದಿ ಬರೆಯುತ್ತಾಳೆ, ಎರಡೂ ತಾಳೆಯಾದರೆ ಮಾತ್ರ ಬೋರ್ಡಿಗೆ. ಅದರ ಮೇಲೂ, ಪ್ರತೀ ಸ್ಟಾರ್ಟ್‌ಗೆ ಮುಂಚೆ ಮಾರ್ಕ್ ಪಕ್ಕ ಏನಾದರೂ ತೇಲಿಬಿಟ್ಟು ವಾಚ್ ಹಿಡಿಯುತ್ತೇನೆ. ಕರೆಂಟ್ ಮೀಟರ್ ಇನ್ನೂ ಮಂಜೂರಾಗಿಲ್ಲ. ಬಾಟಲಿ ನೀರಿಗೆ ಹಾಕಿದರೆ ಬೈಯುತ್ತಾರೆ, ಅದಕ್ಕೆ ನಿಂಬೆಹಣ್ಣು.

ಚಟ ಎಷ್ಟು ಅಂಟಿದೆ ಅಂದರೆ ಹಿನ್ನೀರಿನಲ್ಲೂ ಹಾಕುತ್ತೇನೆ. ಹೋದ ವಾರ ಬೋಯ್ ಹತ್ತಿರ ನಿಂಬೆಹಣ್ಣು ಬಿಟ್ಟು ವಾಚ್ ನೋಡುತ್ತಾ ನಿಂತಿದ್ದೆ. ಅದು ಬಿಟ್ಟ ಜಾಗ ಬಿಟ್ಟು ಅಲ್ಲಾಡಲಿಲ್ಲ. ಪಕ್ಕದಲ್ಲಿ ಬಲೆ ಎಳೆಯುತ್ತಿದ್ದ ಯಜಮಾನರು ನನ್ನನ್ನೂ ನಿಂಬೆಹಣ್ಣನ್ನೂ ಸ್ವಲ್ಪ ಹೊತ್ತು ನೋಡಿದರು.

“ಯಾರಿಗವ್ವ ದೃಷ್ಟಿ?” ಅಂದರು.