ಮಾತ್ರೆ ನುಂಗಿದ್ರೆ ಆಯ್ತಲ್ಲ ಅನ್ನುವವರಿಗೆ

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಹೈಡ್ರೋಜೆಲ್ ಮೇಲೆ ಕೆಲಸ ಮಾಡುತ್ತೇನೆ. ವೈರಸ್ ಕಾಯಿಲೆಯ ಔಷಧಿಯನ್ನು, ಮುಖ್ಯವಾಗಿ ಎಚ್‌ಐವಿ ಔಷಧಿಯನ್ನು, ಜೆಲ್ಲಿನಲ್ಲಿಟ್ಟು ಚರ್ಮದ ಕೆಳಗೆ ಚುಚ್ಚಿದರೆ ಅದು ವಾರಗಟ್ಟಲೆ ನಿಧಾನಕ್ಕೆ ರಕ್ತಕ್ಕೆ ಸೇರುತ್ತಾ ಇರಬೇಕು. ಅದನ್ನು ಹೇಗೆ ಮಾಡುವುದು ಅನ್ನುವುದೇ ನಮ್ಮ ಕೆಲಸ. ಸೋಮವಾರಪೇಟೆ ಕಡೆಯ ನಮ್ಮೂರಿಗೆ ಹೋದಾಗ, ಮದುವೆ ಇರಲಿ, ತಿಥಿ ಇರಲಿ, ಇಷ್ಟು ಕೇಳಿಸಿಕೊಂಡ ಮೇಲೆ ಎಲ್ಲರದ್ದೂ ಒಂದೇ ಮಾತು: "ಅದಕ್ಕೆ ಮಾತ್ರೆ ಇದೆಯಲ್ಲ? ದಿನಾ ಒಂದು ನುಂಗಿದ್ರೆ ಆಯ್ತಲ್ಲ?"

ಮೊದಲು ಜೆಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ತಲೆಗೆ ಹಚ್ಚುವುದಲ್ಲ. ಹೈಡ್ರೋಜೆಲ್ ಅಂದರೆ ನೀರು ಹಿಡಿದುಕೊಂಡ ಬಲೆ. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಅರೇಬಿಕಾ ಹಣ್ಣು ಪಲ್ಪಿಂಗ್ ಆದ ಕೂಡಲೇ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಿದ ಕೂಡಲೇ, ಬೀಜ ಕೈಗೆ ತೆಗೆದುಕೊಳ್ಳಿ. ಹಿಡಿಯಲಿಕ್ಕೆ ಹೋದರೆ ಜಾರಿ ಹೋಗುತ್ತದೆ, ಎಷ್ಟು ನೀರು ಸುರಿದರೂ ಲೋಳೆ ಬಿಡುವುದಿಲ್ಲ. ಆ ಲೋಳೆ ಜೆಲ್ಲೇ. ಪೆಕ್ಟಿನ್ ಅನ್ನುವ ಉದ್ದುದ್ದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ನೀರನ್ನು ಹಿಡಿದಿಟ್ಟಿರುತ್ತವೆ. ತೊಟ್ಟಿಯಲ್ಲಿ ಒಂದು ದಿನ, ಚಳಿ ಜಾಸ್ತಿ ಇದ್ದರೆ ಒಂದೂವರೆ ದಿನ ಬಿಟ್ಟರೆ ಕಿಣ್ವಗಳು ಆ ಎಳೆಗಳನ್ನು ಕತ್ತರಿಸುತ್ತವೆ. ಆಮೇಲೆ ಒಂದು ಹಿಡಿ ತೆಗೆದು ತಿಕ್ಕಿದರೆ ಗರಗರ ಅಂತ ಸದ್ದು ಬರುತ್ತದೆ, ಸಣ್ಣ ಕಲ್ಲು ಉಜ್ಜಿದ ಹಾಗೆ. ನಮ್ಮ ಚಿಕ್ಕಪ್ಪ ಆ ಸದ್ದು ಕೇಳುವವರೆಗೆ ಯಾರಿಗೂ ತೊಟ್ಟಿ ಮುಟ್ಟಲು ಬಿಡುವುದಿಲ್ಲ.

ಲ್ಯಾಬಿನಲ್ಲಿ ನಮ್ಮ ತಲೆನೋವೂ ಇಂಥದ್ದೇ. ಯಾವ ಎಳೆ, ಎಷ್ಟು ಬಿಗಿ, ಯಾವುದು ಕತ್ತರಿಸಬೇಕು, ಎಷ್ಟು ದಿನಕ್ಕೆ. ಇಂಥ ಜೆಲ್ಲನ್ನು ಮೈಗೆ ಬಳಸಬಹುದು ಅಂತ ಪ್ರಾಗ್‌ನ ಒಟ್ಟೊ ವಿಕ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 1960ರಲ್ಲೇ ಬರೆದರು. ನೀವು ಕಣ್ಣಿಗೆ ಹಾಕುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಬಂದಿದ್ದು ಅಲ್ಲಿಂದಲೇ.

ಆದರೆ ಎಚ್‌ಐವಿ ಮಾತ್ರೆಗಳಲ್ಲಿರುವ ಔಷಧಿಯ ಅಣು ತುಂಬ ಚಿಕ್ಕದು, ಬಲೆಯ ಕಣ್ಣು ಅದಕ್ಕಿಂತ ಎಷ್ಟೋ ದೊಡ್ಡದು. ಸುಮ್ನೆ ಬೆರೆಸಿ ಚುಚ್ಚಿದರೆ ಬೇಗನೆ ಸೋರಿಹೋಗುತ್ತದೆ. ಮೊದಲು ಅತಿಯಾಗುತ್ತದೆ, ಆಮೇಲೆ ಏನೂ ಇರುವುದಿಲ್ಲ. ಅದಕ್ಕೆ ಔಷಧಿಯನ್ನು ಎಳೆಗೇ ಕಟ್ಟಬೇಕು. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಜಿಡೊವುಡಿನ್ ಅನ್ನುವ ಹಳೆಯ ಎಚ್‌ಐವಿ ಔಷಧಿಯನ್ನು ಪುಟ್ಟ ಪೆಪ್ಟೈಡಿಗೆ, ಅಂದರೆ ಪ್ರೋಟೀನಿನ ಸಣ್ಣ ತುಂಡಿನಂಥ ಎಳೆಗೆ, ಕಟ್ಟಿದರು. ಸಿರಿಂಜಿನಲ್ಲಿ ಅದು ನೀರಿನ ಹಾಗೆ ಇರುತ್ತದೆ. ಮೈಯೊಳಗೆ ಹೋದ ಮೇಲೆ ಅಲ್ಲಿರುವ ಕಿಣ್ವವೇ ಅದನ್ನು ಜೆಲ್ ಮಾಡುತ್ತದೆ. ನಮ್ಮ ತೊಟ್ಟಿಯಲ್ಲಿ ಕಿಣ್ವ ಲೋಳೆ ಕರಗಿಸಿದರೆ, ಇಲ್ಲಿ ಕಿಣ್ವದಿಂದಲೇ ಲೋಳೆ ಕಟ್ಟುತ್ತದೆ. ಔಷಧಿಯ ಗಂಟು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಇಲಿಗಳ ರಕ್ತದಲ್ಲಿ 35 ದಿನ ಔಷಧಿ ಇತ್ತು. ನುಂಗಿದರೆ ಇದೇ ಔಷಧಿ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧವಾಗುತ್ತದೆ. ಆ 35 ಅನ್ನುವ ಸಂಖ್ಯೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇಲ್ಲಿಗೆ ಬಂದಾಗಲೇ ಯಾರಾದರೂ ಅಡ್ಡ ಬಾಯಿ ಹಾಕುತ್ತಾರೆ, ನುಂಗಿದ್ರೆ ಆಯ್ತಲ್ಲ ಅಂತ. ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಸರ್ಕಾರ ಬಿಟ್ಟಿ ಮಾತ್ರೆ ಕೊಟ್ರೂ ನುಂಗೋಕೆ ಸೋಮಾರಿತನ ಅಂಥವರಿಗೆ." ಅಂಥವರಿಗೆ. ನನಗೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ದೊಡ್ಡವರು ಅಂತ ಸುಮ್ಮನಿದ್ದೆ. ಅದು ತಪ್ಪಾಯಿತು, ಈಗ ಹೇಳುತ್ತೇನೆ.

ನನಗೆ ಗೊತ್ತಿರುವ, ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಒಬ್ಬ ಹೆಂಗಸು ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಇರುತ್ತಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ತೋಟ ಯಾವುದೂ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿದ್ದು ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರ ಅಂತ ದಿನಕ್ಕೊಂದು ಹೆಸರು ಕೇಳುತ್ತಿದ್ದೆವು. ಅವರ ಲೈನಿನವರನ್ನೆಲ್ಲ ಗಂಜಿ ಕೇಂದ್ರಕ್ಕೆ ಕರೆದುಕೊಂಡು ಹೋದರು. ಮಾತ್ರೆ ಡಬ್ಬಿ ಅವರ ಹತ್ತಿರವೇ ಇತ್ತು, ಬಟ್ಟೆ ಗಂಟಿನೊಳಗೆ. ಅಲ್ಲಾಡಿದರೆ ಮಾತ್ರೆ ಸದ್ದು ಮಾಡುತ್ತದೆ ಅಂತ ಮೊದಲಿನಿಂದಲೂ ಅದರೊಳಗೆ ಹತ್ತಿ ತುರುಕಿಡುವ ಅಭ್ಯಾಸ ಅವರದ್ದು. ರಾತ್ರಿ ಒಂದೇ ಹಾಲಿನಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿದ ಜನ, ಅರ್ಧ ಜನ ಅದೇ ತೋಟದವರು, ಲೈಟು ಆರಿಸುವುದಿಲ್ಲ, ಯಾರಾದರೂ ಒಂದು ಕ್ರೋಸಿನ್ ನುಂಗಿದರೂ ನಾಲ್ಕು ಜನ ಏನಾಯ್ತು ಅಂತ ಕೇಳುವಂಥ ಜಾಗ. ಹತ್ತು ದಿನ ಅವರು ಆ ಡಬ್ಬಿ ತೆಗೆಯಲೇ ಇಲ್ಲ.

ಔಷಧಿ ಇತ್ತು. ಬಿಟ್ಟಿಯೇ ಸಿಕ್ಕಿತ್ತು. ನೀರೂ ಇತ್ತು. ನುಂಗಲು ಆಗಲಿಲ್ಲ. ಇದರಲ್ಲಿ ಸೋಮಾರಿತನ ಎಲ್ಲಿದೆ, ತೋರಿಸಿ.

ಇದು ಒಬ್ಬರ ಕಥೆ ಅಂತ ತಳ್ಳಿಹಾಕಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಇಲ್ಲದ 889 ಹೆಂಗಸರ ಮೇಲೆ, ಅದು ತಗಲದಂತೆ ತಡೆಯಬಹುದಾ ಅಂತ, ಟೆನೊಫೊವಿರ್ ಅನ್ನುವ ಎಚ್‌ಐವಿ ಔಷಧಿಯ ಜೆಲ್ಲಿನ ಪರೀಕ್ಷೆ ನಡೆಯಿತು. ಇದು ಚುಚ್ಚುವ ಜೆಲ್ ಅಲ್ಲ, ಹೆಂಗಸರು ತಾವೇ ಒಳಗೆ ಹಾಕಿಕೊಳ್ಳುವಂಥದ್ದು. 2010ರಲ್ಲಿ ಫಲಿತಾಂಶ ಬಂತು: ಎಚ್‌ಐವಿ ತಗಲುವುದು 39% ಕಡಿಮೆಯಾಗಿತ್ತು, ತಪ್ಪದೆ ಬಳಸಿದವರಲ್ಲಿ 54%. ಆಮೇಲೆ ನಡೆದ ವಾಯ್ಸ್ ಅನ್ನುವ ಇನ್ನೂ ದೊಡ್ಡ ಅಧ್ಯಯನದಲ್ಲಿ ಅದೇ ಔಷಧಿಯ ಜೆಲ್ಲಿನಿಂದ ಉಪಯೋಗ ಕಾಣಲಿಲ್ಲ. ರಕ್ತ ನೋಡಿದರೆ, ಜೆಲ್ ಪಡೆದವರ ಮಾದರಿಗಳಲ್ಲಿ 25%ರಷ್ಟರಲ್ಲಿ ಮಾತ್ರ ಔಷಧಿ ಇತ್ತು. ಅಂದರೆ ದಿನಾ ನೆನಪಿಟ್ಟು, ಯಾರಿಗೂ ಕಾಣದ ಹಾಗೆ ಬಳಸುವುದೇ ಕಷ್ಟ. ಆ ಕಷ್ಟವನ್ನು ಔಷಧಿ ಬಳಸುವವರ ತಲೆ ಮೇಲಿಂದ ಇಳಿಸಿ ಜೆಲ್ಲಿನ ಮೇಲೆ ಹಾಕಬೇಕು ಅನ್ನುವುದಕ್ಕೇ ನಾವು ಇಷ್ಟು ಒದ್ದಾಡುವುದು.

ಕೇಳುವುದಿದ್ದರೆ ಬೇರೆ ಕೇಳಿ. ಚುಚ್ಚಿದ ಮೇಲೆ ಮೈಗೆ ಒಗ್ಗದಿದ್ದರೆ ಅದನ್ನು ವಾಪಸ್ ತೆಗೆಯುವುದು ಹೇಗೆ ಅಂತ ಕೇಳಿ. ಮಾತ್ರೆಯಾದರೆ ನಾಳೆಯಿಂದ ನಿಲ್ಲಿಸಬಹುದು, ಒಳಗೆ ಹರಡಿದ ಜೆಲ್ಲನ್ನು ಬಾಚಿ ತೆಗೆಯಲು ಆಗುವುದಿಲ್ಲ. ಖಾಲಿಯಾಗುತ್ತಾ ಬಂದಾಗ ಏನಾಗುತ್ತದೆ ಅಂತ ಕೇಳಿ. ಮುಂದಿನ ಇಂಜೆಕ್ಷನ್‌ಗೆ ಬಾರದೆ ಹೋದವರ ರಕ್ತದಲ್ಲಿ ಔಷಧಿ ಸ್ವಲ್ಪ ಸ್ವಲ್ಪವಾಗಿ ಉಳಿದಿರುತ್ತದೆ. ವೈರಸ್ಸನ್ನು ತಡೆಯಲು ಅದು ಸಾಲದು, ಔಷಧಿಗೆ ಬಗ್ಗದ ವೈರಸ್ ಬೆಳೆಯಲು ಅಷ್ಟು ಸಾಕು. ನಾನು ಈಗ ಜಾಸ್ತಿ ಹೊತ್ತು ಕೂರುವುದು ಈ ಕೊನೆಯ ದಿನಗಳ ಲೆಕ್ಕದ ಮೇಲೆ.

ಡಿಸೆಂಬರಿನಲ್ಲಿ ಪಲ್ಪಿಂಗ್ ಸಮಯಕ್ಕೆ ಊರಿಗೆ ಹೋದಾಗ ಆ ಲೈನ್ ಮನೆಯ ಹೆಂಗಸಿಗೆ ಇದನ್ನೆಲ್ಲ ಹೇಳಿದೆ. ಆರು ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಕೊಡುವ ಲೆನಾಕ್ಯಾಪವಿರ್ ಅನ್ನುವ ಔಷಧಿ 2022ರಲ್ಲೇ ಬಂದಿದೆ, ಅದು ಜೆಲ್ ಅಲ್ಲ, ನಮ್ಮದು ಇನ್ನೂ ಮನುಷ್ಯರಿಗೆ ಕೊಡುವ ಹಂತಕ್ಕೆ ಬಂದಿಲ್ಲ ಅಂತಲೂ ಹೇಳಿದೆ. ಅವರು ಕೈ ಒರೆಸಿಕೊಂಡು ಒಂದೇ ಮಾತು ಕೇಳಿದರು.

"ಚುಚ್ಚಿದ ಜಾಗದಲ್ಲಿ ಗಂಟು ಕಾಣುತ್ತಾ ಅಕ್ಕಾ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಲೆನಾಕ್ಯಾಪವಿರ್ ಚುಚ್ಚಿಸಿಕೊಂಡ ಕೆಲವರಿಗೆ ಗಂಟಾಗುತ್ತದೆ, ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗಬಹುದು ಅಂದೆ.

"ಹೊಟ್ಟೆ ಮೇಲಾದ್ರೆ ಪರವಾಗಿಲ್ಲ, ಸೀರೆ ಇರುತ್ತೆ. ತೋಳಿಗೆ ಬೇಡ."

ಮೈಸೂರಿಗೆ ಬಂದು ನನ್ನ ನೋಟ್‌ಬುಕ್ಕಿನಲ್ಲಿ, ಎಷ್ಟು ದಿನ ಅನ್ನುವ ಕಾಲಮ್ಮಿನ ಪಕ್ಕ, ಗಂಟು ಎಷ್ಟು ದಪ್ಪ ಅಂತ ಇನ್ನೊಂದು ಕಾಲಂ ಎಳೆದೆ.